ವೈರು ಹಿಡಿಯುವ ಕೆಲಸ

ಆಸ್ಪತ್ರೆಯ ತಾರಸಿ, ಲಿಫ್ಟಿನ ಮೆಷಿನ್ ರೂಮು
ಬುಧವಾರ, ಹದಿನಾರನೇ ತಾರೀಖು

ಪ್ರೀತಿಯ ಗುಬ್ಬೀ,

ಹೇಗಿದ್ದೀಯಮ್ಮಾ? ಹಲ್ಲುನೋವು ಇಳಿಯಿತೇ? ಸುರಂಗದ ಕೆಲಸಕ್ಕೆ ಇಳಿಯುವಾಗ ಮೂಗಿಗೆ ಮಾಸ್ಕ್ ಹಾಕಿಕೊಳ್ಳುತ್ತೀಯೋ, ಇಲ್ಲ ಕುತ್ತಿಗೆಗೆ ನೇತು ಹಾಕಿಕೊಂಡು ಓಡಾಡುತ್ತೀಯೋ? ನಿನ್ನ ಬುದ್ಧಿ ಗೊತ್ತಿದ್ದೇ ಕೇಳುತ್ತಿದ್ದೇನೆ. ನಾವಿಬ್ಬರೂ ಆರಾಮ. ನಿನ್ನಮ್ಮನ ಕುತ್ತಿಗೆ ಉಳುಕಿದೆ, ಗಾಬರಿ ಬೀಳುವಂಥದ್ದೇನಲ್ಲ, ಅದರ ಕಥೆ ಮುಂದೆ ಬರುತ್ತದೆ. ನನ್ನ ಲಿಫ್ಟುಗಳೂ ಆರಾಮವಾಗಿವೆ. ಇಲ್ಲಿಯ ಹಳೇ ಲಿಫ್ಟು ಮಾತ್ರ ಮೂರನೇ ಮಹಡಿಗೆ ಬಂದಾಗಲೆಲ್ಲ ಕೆಮ್ಮುತ್ತದೆ. ಅದಕ್ಕೂ ನನಗೂ ಒಟ್ಟಿಗೇ ನಿವೃತ್ತಿಯಂತೆ, ನಮ್ಮ ಸೂಪರ್‌ವೈಸರ್ ತಮಾಷೆ ಮಾಡುತ್ತಿರುತ್ತಾನೆ.

ಅಪ್ಪ ಕಾಗದ ಬರೆದಿದ್ದಾನೆ ಎಂದರೆ ಏನೋ ಆಗಿದೆ ಎಂದುಕೊಳ್ಳಬೇಡ. ನಿಮ್ಮ ಕ್ಯಾಂಪಿನಲ್ಲಿ ಸಿಗ್ನಲ್ ಹಿಡಿಯುವುದಿಲ್ಲ, ನೀನು ಪೇಟೆಗೆ ಬಂದು ಫೋನ್ ಮಾಡುವುದು ಭಾನುವಾರ. ಅಲ್ಲಿಯವರೆಗೆ ಕಾಯುವ ವಿಷಯವಲ್ಲ. ಹೋದ ವಾರ ನೀನು "ನನ್ ಮೇಲೆ ಸಿಟ್ಟಾ ಅಮ್ಮಾ, ಬೇಗ ಬೇಗ ಫೋನ್ ಇಟ್ಬಿಡ್ತೀಯ" ಎಂದು ಕೇಳಿದೆಯಂತೆ. ಅದನ್ನು ನನಗೆ ಹೇಳುವಾಗ ಅವಳ ಕಣ್ಣು ತುಂಬಿತ್ತು. ಸಿಟ್ಟೂ ಇಲ್ಲ, ಗಿಟ್ಟೂ ಇಲ್ಲ. ಎಲ್ಲದಕ್ಕೂ ಕಾರಣ ನೀನು ಕಳಿಸಿದ ವೈರ್‌ಲೆಸ್ ಚಾರ್ಜರು. ಮಗಳು ಪ್ರೀತಿಯಿಂದ ಕಳಿಸಿದ್ದಾಳೆ ಎಂದು ಅವಳು ಬಾಯಿ ಬಿಡುವುದಿಲ್ಲ. ಅದಕ್ಕೆ ನಾನು ಹೇಳುತ್ತಿದ್ದೇನೆ. ನಾನು ಹೇಳಿದೆ ಎಂದು ಮಾತ್ರ ಹೇಳಬೇಡ.

ಚಾರ್ಜರಿನ ಮೇಲೆ ನನಗೇನೂ ಹಗೆಯಿಲ್ಲ. ಲಿಫ್ಟ್ ರಿಪೇರಿಯವನು ನಾನು, ಹಗ್ಗ ವೈರುಗಳನ್ನು ನಂಬಿ ಬದುಕಿದವನು. ಆದರೂ ಚಾರ್ಜರಿನ ಆ ದುಂಡನೆಯ ಬಿಲ್ಲೆಯನ್ನು ತಿರುಗಿಸಿ ಮುರುಗಿಸಿ ನೋಡಿ ಮೆಚ್ಚಿಕೊಂಡೆ. ಒಳಗೊಂದು ತಾಮ್ರದ ಸುರುಳಿ, ಫೋನಿನೊಳಗೆ ಇನ್ನೊಂದು. ಎರಡೂ ಎದುರುಬದುರಾಗಿ ಕೂತರೆ ಕರೆಂಟು ದಾಟುತ್ತದೆ. ರಾತ್ರಿ ಫೋನನ್ನು ಅದರ ಮೇಲಿಟ್ಟು ಮಲಗಿದರೆ ಬೆಳಿಗ್ಗೆ ತುಂಬಿರುತ್ತದೆ, ಕತ್ತಲಲ್ಲಿ ತೂತು ಹುಡುಕುವ ಕೆಲಸವಿಲ್ಲ. ಸ್ವಲ್ಪ ನಿಧಾನ, ಸ್ವಲ್ಪ ಬಿಸಿ, ನಡುವಿನಿಂದ ಒಂದು ಬೆರಳು ಆಚೀಚೆ ಆದರೆ ಮುನಿಸಿಕೊಳ್ಳುತ್ತದೆ. ಅದಿರಲಿ, ನಮ್ಮ ಮನೆಯಲ್ಲಿ ಅಂಥವರನ್ನು ಸಂಭಾಳಿಸಿ ನನಗೆ ಅಭ್ಯಾಸವಿದೆ.

ತೊಂದರೆ ಇರುವುದು ಮಾತಾಡುವಾಗ. ನಿನ್ನಮ್ಮನ ಹತ್ತಿರ ಇರುವುದು ನೀನು ಬಳಸಿ ಬಿಟ್ಟ ಫೋನು, ಅದರ ಬ್ಯಾಟರಿ ಮುದಿಯಾಗಿದೆ. ನೂರು ತೋರಿಸುತ್ತಿದ್ದದ್ದು ನೀನು ಎರಡು ಮಾತಾಡುವಷ್ಟರಲ್ಲಿ ಸೊನ್ನೆಗೆ ಬಂದು ಕೂರುತ್ತದೆ. ವೈರು ಸಿಕ್ಕಿಸಿಕೊಂಡರೆ ಕಿವಿಗಿಟ್ಟುಕೊಂಡು ಎಷ್ಟಾದರೂ ಮಾತಾಡಬಹುದಿತ್ತು. ಈ ಬಿಲ್ಲೆಯಿಂದ ಎತ್ತಿದರೆ ಚಾರ್ಜು ಅಲ್ಲಿಗೇ ನಿಂತಿತು. ಮೊದಲನೇ ಭಾನುವಾರ ಅವಳು ದೊಡ್ಡ ಯಜಮಾನಿಯ ಹಾಗೆ ಫೋನ್ ಹಿಡಿದು ಬಾಲ್ಕನಿಗೆ ಹೋದಳು. ಸುರಂಗದೊಳಗೆ ನೀರು ನುಗ್ಗಿತು ಎಂದು ನೀನು ಹೇಳುತ್ತಿದ್ದಂತೆಯೇ ಫೋನು ಸತ್ತಿತು. ಆ ನೀರು ಎಲ್ಲಿಯವರೆಗೆ ಬಂತು ಎಂಬ ಚಿಂತೆಯಲ್ಲಿ ಅವಳು ವಾರವಿಡೀ ಅನ್ನ ಸರಿಯಾಗಿ ಉಣ್ಣಲಿಲ್ಲ. ಎರಡನೇ ಭಾನುವಾರ ಬಿಲ್ಲೆಯ ಮೇಲೇ ಇಟ್ಟು ಸ್ಪೀಕರ್ ಹಾಕಿದಳು. ನಮ್ಮ ಗೋಡೆಗಳ ಯೋಗ್ಯತೆ ನಿನಗೆ ಗೊತ್ತಲ್ಲ, ಮರುದಿನ ಪಕ್ಕದ ಮನೆಯಾಕೆ ಮೆಟ್ಟಿಲ ಮೇಲೆ ನಿಲ್ಲಿಸಿ "ಮಗಳ ಹಲ್ಲು ಕೀಳಿಸ್ಬೇಕಂತೆ ಹೌದಾ?" ಎಂದಳು. ಅಲ್ಲಿಗೆ ಸ್ಪೀಕರೂ ಬಂದ್.

ಹೋದ ಭಾನುವಾರ ನಾನು ರೂಮಿನ ಬಾಗಿಲಿನಿಂದ ನೋಡಿದ್ದು ಹೀಗಿತ್ತು. ಬಿಲ್ಲೆ ಊಟದ ಮೇಜಿನ ಮೇಲೆ, ಬಿಲ್ಲೆಯ ಮೇಲೆ ಫೋನು, ಫೋನಿನ ಮೇಲೆ ನಿನ್ನಮ್ಮನ ಕಿವಿ. ಕುರ್ಚಿಯಲ್ಲಿ ಕೂತು, ಸೊಂಟ ಬಗ್ಗಿಸಿ, ತಲೆಯನ್ನು ಮೇಜಿನ ಮೇಲೆ ಅಡ್ಡ ಹಾಕಿಕೊಂಡು ನಿನ್ನ ಹತ್ತಿರ ನಗುತ್ತಾ ಮಾತಾಡುತ್ತಿದ್ದಳು. ನಿದ್ದೆಯಿಂದ ಎದ್ದ ಹಾಗೆ ದನಿ ಇದೆ ಎಂದು ನೀನು ಕೇಳಿದ್ದಕ್ಕೆ ಹೂಂ ಎಂದಳಂತೆ. ಕುತ್ತಿಗೆ ಹಿಡಿದುಕೊಂಡ ಮೇಲೆ ಒಲೆ ಮೇಲೆ ಏನೋ ಇದೆ ಎಂದು ಸುಳ್ಳು ಹೇಳಿ ಇಟ್ಟಳು. ಒಲೆಯ ಮೇಲೆ ಏನೂ ಇರಲಿಲ್ಲ. ನಾನು ರೂಮಿನಲ್ಲಿ ಪೇಪರ್ ಓದುತ್ತಾ ಕೂತಿದ್ದೆ, ಹಿಂದಿನ ದಿನದ ಪೇಪರು.

ಮೊದಲು ಇದೆಲ್ಲ ಇರಲಿಲ್ಲ. ಚಾರ್ಜಿಂಗ್ ಪೋರ್ಟ್ ಸಡಿಲವಾಗಿತ್ತು ನಿಜ, ಪಿನ್ನನ್ನು ಒಂದು ಓರೆಯಲ್ಲಿ ಒತ್ತಿ ಹಿಡಿದರಷ್ಟೇ ಚಾರ್ಜು ಏರುತ್ತಿತ್ತು. ಅವಳು ಮಾತಾಡುವುದು, ನಾನು ಪಕ್ಕದಲ್ಲಿ ಕೂತು ಹೆಬ್ಬೆರಳಿನಲ್ಲಿ ವೈರು ಒತ್ತಿ ಹಿಡಿಯುವುದು. ಕೊನೆಯಲ್ಲಿ ಫೋನನ್ನು ನನ್ನ ಕಿವಿಗೆ ಹಿಡಿದರೆ ನಾನು "ಊಟ ಆಯ್ತಾ" ಎನ್ನುವುದು, ನೀನು "ಆಯ್ತಪ್ಪಾ, ನಿಂದು?" ಎನ್ನುವುದು. ನಮ್ಮಿಬ್ಬರ ಮಾತು ಅಷ್ಟೇ. ಅಪ್ಪನ ಕೈ ನೋಯುತ್ತದೆ ಎಂದು ನೀನು ಈ ಬಿಲ್ಲೆ ಕಳಿಸಿದೆ. ಮತ್ತೆ ವೈರು ಹಿಡಿಯುತ್ತೇನೆ ಎಂದರೆ ಈಗ ನಿನ್ನಮ್ಮ ಬಿಡುತ್ತಿಲ್ಲ. "ಅವ್ಳು ಬೇಡ ಅಂದಿದಾಳೆ, ಸುಮ್ನೆ ಹೋಗಿ ಪೇಪರ್ ಓದ್ಕೊಳ್ಳಿ" ಎನ್ನುತ್ತಾಳೆ.

ನಿನ್ನೆ ಸಂಜೆ ಫೋನನ್ನು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯ ಹೆಣ್ಣುಮಗಳು ಸಣ್ಣ ಟಾರ್ಚ್ ಬಿಟ್ಟು ನೋಡಿ, "ಈ ಮಾಡೆಲ್‌ಗೆ ಬ್ಯಾಟರಿ ಈಗ ಬರಲ್ಲ ಅಂಕಲ್. ಪೋರ್ಟ್ ಬೇಕಾದ್ರೆ ಹೊಸದು ಹಾಕ್ಕೊಡ್ತೀನಿ, ಪಿನ್ ಗಟ್ಟಿಯಾಗಿ ಕೂರುತ್ತೆ, ಯಾರೂ ಹಿಡ್ಕೊಳ್ಳೋದು ಬೇಡ" ಎಂದಳು. ನೋಡೋಣ ಎಂದು ವಾಪಸು ತಂದೆ. ಹೊಸ ಫೋನಿನ ಮಾತೆತ್ತಬೇಡ, ನಿನ್ನ ಕೈಯಲ್ಲಿದ್ದ ಫೋನನ್ನು ನಿನ್ನಮ್ಮ ಜಪ್ಪಯ್ಯ ಎಂದರೂ ಬಿಡುವುದಿಲ್ಲ. ನೀನು ಒಂದು ಮಾತು ಹೇಳಿದರೆ ಸಾಕು. ರಾತ್ರಿಗೆ ಬಿಲ್ಲೆ ಇರಲಿ, ಮಾತಾಡುವಾಗ ವೈರು ಇರಲಿ, ಅಪ್ಪ ಹಿಡಿದುಕೊಳ್ಳಲಿ ಎಂದು ಹೇಳು.

ಈ ಕಾಗದ ನಿಮ್ಮ ಕ್ಯಾಂಪಿಗೆ ಸಿಮೆಂಟು ತರುವ ಲಾರಿಯ ಡ್ರೈವರ್ ಕೈಯಲ್ಲಿ ಬರುತ್ತದೆ. ಹುಷಾರಾಗಿರು, ಹೊತ್ತಿಗೆ ಸರಿಯಾಗಿ ಉಣ್ಣು, ಆ ಹಲ್ಲನ್ನು ಯಾರಿಗಾದರೂ ತೋರಿಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಅಪ್ಪ

ಮರೆತ ಮಾತು: ಇದು ಶುಕ್ರವಾರ, ಲಾರಿ ಹೊರಡುತ್ತಿದೆ, ಅವಸರದಲ್ಲಿ ಗೀಚುತ್ತಿದ್ದೇನೆ. ನಿನ್ನೆ ನಿನ್ನಮ್ಮ ಕನ್ನಡಿ ಮುಂದೆ ನಿಂತು ಕುತ್ತಿಗೆಗೆ ಮುಲಾಮು ತಿಕ್ಕಿಕೊಳ್ಳುವುದನ್ನು ನೋಡಿದೆ. ಅಂಗಡಿಗೆ ಹೋಗಿ ಪೋರ್ಟ್ ಹಾಕಿಸಿಬಿಟ್ಟೆ. ಪಿನ್ನು ಗಟ್ಟಿಯಾಗಿ ಕೂತಿದೆ. ಅವಳು ಇನ್ನು ಒಬ್ಬಳೇ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು, ಮೇಲೆ ಬರೆದ ಮಾತನ್ನು ನೀನು ಇನ್ನು ಹೇಳಬೇಕಾಗಿಲ್ಲ. ಕೈ ನೋಯುತ್ತಿರಲಿಲ್ಲ ಮಗಳೇ. ವೈರು ಹಿಡಿದು ಕೂತಾಗ ನಿನ್ನ ದನಿ ನನಗೂ ಕೇಳುತ್ತಿತ್ತು. ಹೋದ ವಾರ ಕೇಳಲಿಲ್ಲ, ತುಂಬಾ ಬೇಜಾರಾಯಿತು. ಅಮ್ಮನ ಜೊತೆ ಮಾತಾಡಿ ಮುಗಿದ ಮೇಲೆ ನನ್ನ ನಂಬರಿಗೂ ಒಂದು ಸಲ ಮಾಡು. ಊಟ ಆಯ್ತಾ ಎಂದು ಕೇಳಿದ ಮೇಲೆ ಏನು ಮಾತಾಡಬೇಕು ಎಂದು ನನಗೆ ಗೊತ್ತಿಲ್ಲ. ನೀನೇ ಏನಾದರೂ ಹೇಳುತ್ತಿರು, ನಾನು ಕೇಳಿಸಿಕೊಳ್ಳುತ್ತೇನೆ.