ಮೂಡಲಗಿಯಿಂದ ಬಂದ ಪ್ರಶ್ನೆ ಚಿಹ್ನೆಗಳು

೧೪ ಮೇ ೨೦೨೪, ಮಂಗಳವಾರ. ಗೋಕಾಕ

ರೊಟ್ಟಿ ಮುರಿದು ಹಾಗೇ ಇಟ್ಟೆ. ನಮ್ಮ ರಕ್ತನಿಧಿಯ ಸಾಹೇಬರು ಭರಮವ್ವನನ್ನು ಬೈದದ್ದು ಇನ್ನೂ ಕಿವಿಯಲ್ಲೇ ಇದೆ.

ಮೂಡಲಗಿಯ ನಮ್ಮ ರಕ್ತ ಸಂಗ್ರಹ ಕೇಂದ್ರದ ಕಂಪ್ಯೂಟರಿನಿಂದ ಬೆಳಿಗ್ಗೆ ನನ್ನ ಪರದೆಗೆ ಸಂದೇಶ ಬಂತು. ಒಂದಕ್ಷರವೂ ಇಲ್ಲ, ಬರೀ ಪ್ರಶ್ನೆ ಚಿಹ್ನೆಗಳು. ಕಸವೆಂದು ಅಳಿಸಿದೆ. ಮತ್ತೆ ಬಂತು, ಮತ್ತೆ ಅಳಿಸಿದೆ. ಮೂರನೆಯ ಸಲ ಹೆದರಿಕೆಯಾಗಿ ಅಲ್ಲಿ ಕೆಲಸ ಮಾಡುವ ಭರಮವ್ವನಿಗೆ ಫೋನ್ ಮಾಡಿದೆ.

"ರಕ್ತದ ಫ್ರಿಜ್ ಎಷ್ಟು ತೋರಸಾಕತ್ತೈತಿ, ನೋಡಬೇ."

"ಅಯ್ಯ, ಒಂಬತ್ತರಿ ಮೇಡಂ! ಥಂಡೀನ ಇಲ್ಲ."

ಹತ್ತು ಡಿಗ್ರಿ ದಾಟಿದ್ದರೆ ಅಷ್ಟೂ ರಕ್ತ ಚೆಲ್ಲಬೇಕಿತ್ತು. ಭರಮವ್ವ ಐಸ್ ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಜೀಪಿನಲ್ಲಿ ಇಲ್ಲಿಗೆ ತಂದಳು. ಎಲ್ಲ ಉಳಿಯಿತು.

ಆಕೆಗೆ ಇಂಗ್ಲಿಷ್ ಬರುವುದಿಲ್ಲವೆಂದು ಹೋದ ವಾರ ನಾನೇ ಆ ಕಂಪ್ಯೂಟರನ್ನು ಕನ್ನಡಕ್ಕೆ ಬದಲಿಸಿದ್ದೆ. ಮೂಡಲಗಿ, ಹುಕ್ಕೇರಿಯ ಯಂತ್ರಗಳನ್ನು ಇಲ್ಲಿಂದ ಕಾಯುವ ತಂತ್ರಾಂಶಕ್ಕೆ ಕನ್ನಡ ತಿಳಿಯುತ್ತದೆಯೇ ಎಂದು ನೋಡಲೇ ಇಲ್ಲ. ಫ್ರಿಜ್ ಬಿಸಿಯಾಗುತ್ತಿದೆ ಎಂಬ ಎಚ್ಚರಿಕೆಯ ಕನ್ನಡ ಅಕ್ಷರಗಳೇ ನನ್ನ ಪರದೆಯಲ್ಲಿ ಪ್ರಶ್ನೆ ಚಿಹ್ನೆಗಳಾಗಿದ್ದವು.

"ನಿನ್ನ ಕಂಪ್ಯೂಟರಿನ್ಯಾಗ ಕನ್ನಡದಾಗ ಬರೆದದ್ದೂ ಕಾಣಲಿಲ್ಲೇನು? ನಾಳಿಂದ ಬರಬ್ಯಾಡ," ಎಂದು ಸಾಹೇಬರು ಭರಮವ್ವನಿಗೆ ಎಲ್ಲರೆದುರು ಹೇಳಿದರು. ಎಚ್ಚರಿಕೆ ಬಂದಾಗ ಆಕೆ ಮೂಡಲಗಿಯ ಹೊರಕೋಣೆಯಲ್ಲಿ ರಕ್ತ ಕೊಡಲು ಬಂದವರನ್ನು ನೋಡಿಕೊಳ್ಳುತ್ತಿದ್ದಳು. ಅದು ಗೊತ್ತಿದ್ದೂ ನಾನು ತುಟಿ ಬಿಚ್ಚಲಿಲ್ಲ.

ರಾತ್ರಿ ಎಂಟು ಗಂಟೆಗೆ ತಡೆಯಲಾರದೆ ಸಾಹೇಬರಿಗೆ ಫೋನ್ ಮಾಡಿದೆ. "ಸರ್, ತಪ್ಪು ನಂದೈತ್ರಿ. ಎರಡು ಸಲ ಅಳಿಸಿದ್ದು ನಾನ."



"ನಾಳಿ ಇಬ್ಬರೂ ಬರ್ರಿ," ಎಂದು ಫೋನ್ ಇಟ್ಟುಬಿಟ್ಟರು.

ಕೆಲಸಕ್ಕೆ ಬರ್ರಿ ಎಂದರೋ, ಬಿಟ್ಟು ಹೋಗಲು ಬರ್ರಿ ಎಂದರೋ. ಭರಮವ್ವನಿಗೆ ಈಗ ಏನೆಂದು ಹೇಳಲಿ? ಆಕೆ ಇನ್ನೂ ತನ್ನ ಕೆಲಸ ಹೋಯಿತೆಂದೇ ತಿಳಿದಿದ್ದಾಳೆ.