ಗಡಿಯಾರ ಕೆಟ್ಟಿರಲಿಲ್ಲ

ಅಪ್ಪಾ,

ಇವತ್ತು ಬೆಳಗ್ಗೆ ನಿಮ್ಮ ಅಂಗಡಿಯ ಜೊತೆಗಾರ ಮಾಮ ಬಂದು ನಮ್ಮ ಗೋಡೆ ಗಡಿಯಾರ ಬಿಚ್ಚಿದರು. "ಇದಕ್ಕೇನೂ ಆಗಿಲ್ಲ ಕಣಮ್ಮ, ಯಾರೋ ಪೆಂಡುಲಮ್ ತೆಗೆದಿಟ್ಟಿದಾರೆ ಅಷ್ಟೇ. ನಿಮ್ಮಪ್ಪ ನೋಡ್ಲೇ ಇಲ್ವಾ? ಸೋಮಾರಿ!" ಎಂದು ನಕ್ಕರು.

ತೆಗೆದವಳು ನಾನೇ. ಗಂಟೆ ಹೊಡೆದಾಗಲೆಲ್ಲ ಮಗು ಎದ್ದುಬಿಡುತ್ತದೆಂಬ ಭಯ. ಹಾಸಿಗೆ ಹಿಡಿದಿದ್ದ ನೀವು, "ಗಡಿಯಾರ ಯಾಕಮ್ಮ ಸುಮ್ನಿದೆ?" ಎಂದಿರಿ. "ಕೆಟ್ಟಿದೆ" ಎಂದೆ, ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರಿಗೆ.

"ಇಳಿಸ್ಕೊಡು, ಮಲ್ಕೊಂಡೇ ನೋಡ್ತೀನಿ."

ಮೂರು ದಿನ "ನಾಳೆ" ಎಂದೆ. ನಾಲ್ಕನೆಯ ದಿನ ಕೇಳಲು ನೀವಿರಲಿಲ್ಲ.

ಮಾಮ ಪೆಂಡುಲಮ್ ಸಿಕ್ಕಿಸಿ, ಟಿಕ್ಕೂ ಟಾಕೂ ಸಮನಾಗಿ ಕೇಳಿಸುವವರೆಗೆ ಗಡಿಯಾರದ ಪೆಟ್ಟಿಗೆಯನ್ನು ಕೂದಲೆಳೆಯಷ್ಟು ವಾಲಿಸಿದರು. ಹನ್ನೊಂದು ಹೊಡೆಯಿತು. ನಾನು ತೊಟ್ಟಿಲ ಕಡೆಗೆ ಓಡಿದೆ.

ಮಗು ಮಿಸುಕಲೂ ಇಲ್ಲ, ಅಪ್ಪಾ.