ಅಳಿಸಿದ ಮೇಲೂ ಏಳೂವರೆ

ಜಮಖಂಡಿ
೧೪ ಡಿಸೆಂಬರ್ ೨೦೨೫

ಪ್ರೀತಿಯ ಹರ್ಷದಾ ಅಕ್ಕನಿಗೆ,

ನಿನ್ನ ತಂಗಿ ರಸಿಕಾಳ ನಮಸ್ಕಾರಗಳು. ನೀನು ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ನಾನೇ "ಆಮ್ಯಾಲೆ ಮಾತಾಡ್ತೇನಿ" ಅಂದು ಇಟ್ಟುಬಿಟ್ಟೆ. ಸಿಟ್ಟಾಗಬೇಡ. ಅತ್ತೆಯವರಿಗೆ ಕಣ್ಣು ಮಂಜಾದಷ್ಟೂ ಕಿವಿ ಚುರುಕಾಗಿದೆ, ಈ ಎರಡು ಖೋಲಿಯ ಮನೆಯಲ್ಲಿ ಆಡುವ ಮಾತಲ್ಲ ಇದು. ನಿಮ್ಮ ಮುಧೋಳವೇನು ದೂರವಲ್ಲ, ಬಂದೇ ಹೇಳಬಹುದಿತ್ತು. ಆದರೆ ನಿನ್ನ ಮುಖ ನೋಡಿದರೆ ಅರ್ಧ ನುಂಗಿಬಿಡುತ್ತೇನೆ.

ನಮ್ಮ ಕಂಪ್ಯೂಟರಿನ ವಿಂಡೋಸ್ ತೆಗೆಸಿ ಲಿನಕ್ಸ್ ಹಾಕಿಸಿದೆ. ನಗಬೇಡ, ಸುದ್ದಿ ಶುರುವಾಗುವುದೇ ಅಲ್ಲಿಂದ. ಹಳೇ ವಿಂಡೋಸಿಗೆ ಅಪ್‌ಡೇಟ್ ಬಂದ್ ಆಗಿತ್ತು, ಹೊಸದನ್ನು ಹೊರಲು ನಮ್ಮ ಡಬ್ಬಿಗೆ ತಾಕತ್ತಿರಲಿಲ್ಲ. ಬನಹಟ್ಟಿಯ ಮಾಂತೇಶನನ್ನು ಕರೆಸಿದೆ. ಮಗ್ಗದವರಿಗೆ ಸೀರೆ ದಡಿಯ ಡಿಸೈನ್ ಮಾಡಿಕೊಡುವವನು, ರಿಪೇರಿಯೂ ಗೊತ್ತು. "ಅಕ್ಕಾರ, ಲಿನಕ್ಸ್ ಪುಕ್ಕಟೆ ಐತ್ರಿ, ಹಳೇ ಮಷೀನಿಗೆ ಭಾಳ ಛಲೋ" ಅಂದ.

ಈ ಕಂಪ್ಯೂಟರ್ ದಿನಾ ಬೆಳಿಗ್ಗೆ ಏಳೂವರೆಗೆ ಏನು ಮಾಡುತ್ತಿತ್ತು ಅನ್ನುವುದನ್ನು ನಿನಗೆ ಹೇಳಿರಲಿಲ್ಲ. ನಮ್ಮ ಮನೆಯವರು ಸಕ್ಕರೆ ಕಾರ್ಖಾನೆಯ ಮೊದಲ ಪಾಳಿಗೆ ಆರಕ್ಕೇ ಹೊರಡುತ್ತಿದ್ದರಲ್ಲ, ತಮ್ಮ ದನಿಯನ್ನು ರೆಕಾರ್ಡ್ ಮಾಡಿ, ಆ ಹೊತ್ತಿಗೆ ತಾಯಿಗೆ ತಾನಾಗಿ ಕೇಳಿಸುವಂತೆ ಇಟ್ಟಿದ್ದರು: "ಆಯೀ, ಕಣ್ಣಿಗೆ ಔಷಧ ಹಾಕ್ಕೊಂಡ್ಯಾ?" ಅವರು ತೀರಿಕೊಂಡು ಹದಿನಾಲ್ಕು ತಿಂಗಳಾದರೂ ಅದು ಕೇಳುತ್ತಲೇ ಇತ್ತು. ಅತ್ತೆ "ಹಾಕ್ಕೊಂಡೆಪಾ ಪವಮಾನ" ಅನ್ನುತ್ತಿದ್ದರು. ಪ್ರತಿ ಬೆಳಿಗ್ಗೆ ಗುಂಡಿ ಒತ್ತಿ ಕಂಪ್ಯೂಟರ್ ಚಾಲೂ ಮಾಡುತ್ತಿದ್ದವಳು ನಾನು.

ಮಾಂತೇಶನದೊಂದು ಕಟ್ಟುಪಾಡಿದೆ. ಹಳೆಯದನ್ನು ಅಳಿಸುವಾಗ ತಾನು ಮೌಸ್ ಮುಟ್ಟುವುದಿಲ್ಲ, ಮನೆಯವರ ಕೈಯಿಂದಲೇ ಒತ್ತಿಸುತ್ತಾನೆ. "ಹಳೇದು ಹೊಸದು ಎರಡೂ ಜೋಡಿ ಇಡಬಹುದ್ರಿ. ಬ್ಯಾಡಂದ್ರ ಎಲ್ಲಾ ಅಳಿಸಿ ಹೋಗ್ತೈತಿ. ಬೇಕಾದ್ದು ಪೆನ್‌ಡ್ರೈವಿಗೆ ತಗೊಂಡೀರೇನ್ರಿ?" ಅಂದ. "ತಗೊಂಡೀನಿ" ಅಂದೆ, ಒತ್ತಿದೆ. ಇಪ್ಪತ್ತು ನಿಮಿಷಕ್ಕೆ ಹೊಸ ಪರದೆ ಬಂತು. ಮೊದಲು ಚಾಲೂ ಆಗುವಷ್ಟರಲ್ಲಿ ಚಹಾ ಕುದಿಯುತ್ತಿತ್ತು, ಈಗ ಟ್ಯೂಷನ್ ಮಕ್ಕಳ ಪ್ರಶ್ನೆಪತ್ರಿಕೆ ಸರಸರನೆ ತಯಾರಾಗುತ್ತದೆ.

ಮರುದಿನ ಏಳೂವರೆಗೆ ನಾನು ಕಂಪ್ಯೂಟರ್ ಚಾಲೂ ಮಾಡಲಿಲ್ಲ. ಗೋಡೆಗೆ ಒರಗಿದ್ದ ಅತ್ತೆ ತಲೆ ಎತ್ತಿ "ಹಾಕ್ಕೊಂಡೆಪಾ" ಅಂದರು. ರೂಢಿ ಬಿಡು ಅಂದುಕೊಂಡೆ. ಮೂರನೆಯ ದಿನ ಉತ್ತರ ಉದ್ದವಾಯಿತು: "ಹೌದಪಾ, ಥಂಡಿ ಭಾಳ ಅದ. ಸ್ವೆಟರ್ ಹಾಕ್ಕೊಂಡೀನಿ." ನಡುನಡುವೆ ಎದುರಿನವರು ಮಾತಾಡುವಷ್ಟು ಹೊತ್ತು ಸುಮ್ಮನಿರುತ್ತಾರೆ, ತಲೆ ಆಡಿಸುತ್ತಾರೆ. ಒಮ್ಮೆ ಬಾಯಿಗೆ ಸೆರಗು ಹಿಡಿದು ನಕ್ಕರು. ರಾತ್ರಿ ಕಂಪ್ಯೂಟರಿನ ವೈರನ್ನೇ ಕಿತ್ತಿಟ್ಟರೂ ಬೆಳಿಗ್ಗೆ ಮಾತು ನಿಲ್ಲಲಿಲ್ಲ. ಮಾಂತೇಶನಿಗೆ ಫೋನ್ ಮಾಡಿದರೆ, "ಹಳೇದು ಒಂದೂ ಉಳಿದಿಲ್ರಿ ಅಕ್ಕಾರ, ಆಣಿ ಮಾಡ್ತೇನಿ" ಅಂದ.

ಕೊನೆಗೆ ಧೈರ್ಯ ಮಾಡಿ ಅತ್ತೆಯನ್ನೇ ಕೇಳಿದೆ. "ಮೊದಲ ಒಂದ ಮಾತು ಆಡ್ತಿದ್ದ. ಈಗ ಎಲ್ಲಾ ಮಾತಾಡ್ತಾನ. ಛಲೋ ಮಾಡಿಸಿದಿ ನೋಡು ರಸಿಕಾ" ಅಂದರು. ಅವರ ಬುದ್ಧಿಗೆ ಏನೂ ಆಗಿಲ್ಲ ಅಕ್ಕ. ಏಕಾದಶಿ ಯಾವತ್ತು ಅನ್ನುವುದನ್ನು ಈಗಲೂ ನನಗಿಂತ ಮೊದಲೇ ಹೇಳುತ್ತಾರೆ.

ಭಾವನವರಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಚಿಕ್ಕಮ್ಮನ ತುಂಬು ಆಶೀರ್ವಾದ. ನಿಮ್ಮ ಮನೆ ಮಾತಿನಿಂದ, ನಗೆಯಿಂದ ತುಂಬಿರಲಿ.

ನಿನ್ನ
ರಸಿಕಾ

ತಾ.ಕ.: ಪೆನ್‌ಡ್ರೈವಿಗೆ ನಾನು ಏನನ್ನೂ ತೆಗೆದುಕೊಂಡಿರಲಿಲ್ಲ. ಅವರ ದನಿ ಅಂತ ಉಳಿದಿದ್ದು ಅದೊಂದೇ, ಬೇಕೆಂದೇ ಅಳಿಸಿದೆ. ದಿನಾ ನನ್ನ ಕೈಯಿಂದ ಚಾಲೂ ಮಾಡಿಸಿಕೊಂಡು, ಆಯಿಯನ್ನಷ್ಟೇ ಮಾತಾಡಿಸಿ ಸುಮ್ಮನಾಗುತ್ತಿದ್ದರು. ಹೊಟ್ಟೆಕಿಚ್ಚು ಅನ್ನು ಬೇಕಾದರೆ. ಹಿರಿಯರ ಮುಂದೆ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿ ಈ ಮನೆಯಲ್ಲಿಲ್ಲ. ಬಾಗಿಲು ಹಾಕಿದ ಮೇಲೆ ನನ್ನನ್ನು 'ಮೈನಾ' ಅನ್ನುತ್ತಿದ್ದರು. ನಿನಗೂ ಇದು ಇವತ್ತೇ ಗೊತ್ತಾಗುತ್ತಿರುವುದು. ಇಂದು ಬೆಳಿಗ್ಗೆ ಅತ್ತೆ ನನ್ನ ಕಡೆ ತಿರುಗಿ, "ಮೈನಾ ಅಂದ್ರ ಯಾರ? ದಿನಾ ಕರೀತಾನ. ಆಕಿ ಯಾಕ ಓ ಅನ್ನವಲ್ಲಳು ಅಂತ ಕೇಳ್ತಾನ" ಅಂದರು. ನಾನು ಅವರ ಪಕ್ಕದಲ್ಲೇ ಕೂತಿದ್ದೆ ಅಕ್ಕ. ನನಗೇನೂ ಕೇಳಿಸಲಿಲ್ಲ.